ಹೊಸ ಫೋರ್ ಬೈ ಫೋರ್: ನಲವತ್ತರ ಮಿತಿ ಬೇಕಾ, ದೇವಿಮನೆ ಘಟ್ಟ ಇಳಿಸಬಹುದಾ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಕುಮಟಾ ರಸ್ತೆ ಕಡೆಯ ಹಳ್ಳಿ. ಡಾಂಬರು ರಸ್ತೆಯಿಂದ ಮನೆಗೆ ಎರಡೂವರೆ ಕಿ.ಮೀ. ಕೆಮ್ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಮನೆ ತನಕ ಕಡಿದಾದ ಏರು. ಮಳೆಗಾಲದಲ್ಲಿ ಈಗಿನ ಕಾರನ್ನು ರಸ್ತೆ ಬದಿಯ ಪರಿಚಯದವರ ಅಂಗಳದಲ್ಲಿ ಬಿಟ್ಟು ನಡೆದು ಬರುತ್ತೇವೆ. ಈ ಸಲ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿ) ಬುಕ್ ಮಾಡುವುದೆಂದು ತೀರ್ಮಾನವಾಗಿದೆ. ಮಗನಿಗೆ ಡೀಸೆಲ್ಲೇ ಬೇಕು. ದಿನದ ಓಡಾಟ ಡೇರಿ, ಶಾಲೆ ಸೇರಿ ಆರೇಳು ಕಿ.ಮೀ., ವಾರಕ್ಕೊಮ್ಮೆ ಶಿರಸಿ ಪೇಟೆ. ಹಳೇ ಜೀಪ್ ಓಡಿಸಿದ ನಮ್ಮ ಭಾವ ‘ಸಾವಿರ ಕಿ.ಮೀ. ತನಕ ವೇಗ ನಲವತ್ತು ದಾಟಬೇಡ, ಘಟ್ಟ ಇಳಿಸಲೇಬೇಡ’ ಅನ್ನುತ್ತಾರೆ. ಮಗನ ಸ್ನೇಹಿತರು ‘ಮೊದಲ ದಿನವೇ ಎಳೆದು ಓಡಿಸಿದರೆ ಮಾತ್ರ ಪಿಕಪ್ ಬರುತ್ತದೆ’ ಅನ್ನುತ್ತಾರೆ. ಶೋರೂಮಿನವರು ಈಗಿನ ಗಾಡಿಗೆ ಅದ್ಯಾವುದೂ ಬೇಡ, ‘ಎಂಜಿನ್ ಟ್ರೀಟ್‌ಮೆಂಟ್’ ಪ್ಯಾಕೇಜ್ ಮಾತ್ರ ಹಾಕಿಸಿ ಅಂತಿದ್ದಾರೆ. ಗಾಡಿ ಬಂದ ವಾರದಲ್ಲೇ ದೇವಿಮನೆ ಘಟ್ಟ ಇಳಿದು ಇಡಗುಂಜಿ ಗಣಪತಿ ದೇವಸ್ಥಾನಕ್ಕೆ ಪೂಜೆಗೆ ಒಯ್ಯಬೇಕು ಅಂತ ಮನೆಯವರ ಆಸೆ. ಯಾರ ಮಾತು ಕೇಳಬೇಕು? ಡೆಲಿವರಿ ಮಳೆಗೆ ಮೊದಲೇ ತೆಗೆದುಕೊಳ್ಳಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಇಷ್ಟು ದುಡ್ಡು ಕೊಟ್ಟು ತಂದ ಎಂಜಿನ್ ಮೊದಲ ತಿಂಗಳಲ್ಲೇ ಕೆಟ್ಟರೆ ಅನ್ನುವುದು ಒಂದು. ನಿಮ್ಮ ದಾರಿಗೆ ಯಾವ ಗಾಡಿ ಅನ್ನುವುದು ಇನ್ನೊಂದು. ನೀವು ಮೊದಲನೆಯದರ ಬಗ್ಗೆ ಜಾಸ್ತಿ ಬರೆದಿದ್ದೀರಿ. ನನಗೆ ಹೆಚ್ಚು ಕಾಳಜಿ ಇರುವುದು ಎರಡನೆಯದರ ಬಗ್ಗೆ. ಘಟ್ಟದ ಮೇಲಿನ ಗ್ಯಾರೇಜಿಗೆ ಮೊದಲ ವರ್ಷದಲ್ಲೇ ತೊಂದರೆ ಹೇಳಿಕೊಂಡು ಬರುವ ಫೋರ್ ಬೈ ಫೋರ್‌ಗಳಲ್ಲಿ ಪಿಸ್ಟನ್ ರಿಂಗ್ ಹಾಳಾಗಿರುವುದು ಬಹಳ ಅಪರೂಪ. ಕ್ಲಚ್ ಸುಟ್ಟಿರುತ್ತದೆ, ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಜಾಲರಿ) ಕಟ್ಟಿರುತ್ತದೆ, ಇಲ್ಲವೇ ಡಿಫರೆನ್ಷಿಯಲ್ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಆಯಿಲ್‌ಗೆ ನೀರು ಸೇರಿರುತ್ತದೆ. ಮೂರಕ್ಕೂ ಕಾರಣ ಹುಡುಕುತ್ತಾ ಹೋದರೆ ಗಾಡಿ ಆರಿಸಿದ ರೀತಿ ಅಥವಾ ಮನೆ ದಾರಿಯಲ್ಲಿ ಓಡಿಸಿದ ರೀತಿಗೇ ಹೋಗಿ ನಿಲ್ಲುತ್ತದೆ. ಹಾಗಾಗಿ ಬುಕಿಂಗ್‌ನಿಂದಲೇ ಶುರು ಮಾಡೋಣ.

ಹೆಸರು ನೋಡಿ ಬುಕ್ ಮಾಡಬೇಡಿ

ನೋಡಲು ಜೀಪಿನಂತೆ ಇರುವ ಗಾಡಿಯೆಲ್ಲ ಫೋರ್ ಬೈ ಫೋರ್ ಅಲ್ಲ. ಮಹೀಂದ್ರಾ ಥಾರ್‌ನ 1.5 ಲೀಟರ್ ಡೀಸೆಲ್ 2023ರ ಜನವರಿಯಲ್ಲಿ ಬಂತು. ಅದು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಕೊಡುವ ಗಾಡಿ. ಅದೇ ಬಾಡಿ, ಅದೇ ಹೆಸರು, ಬೆಲೆ ಮಾತ್ರ ಎಷ್ಟೋ ಕಡಿಮೆ. ಬೆಲೆಯ ಈ ಅಂತರಕ್ಕೆ ತೆರಿಗೆಯೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1500 ಸಿಸಿ ಮೀರದ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ. 18. ಫೋರ್ ಬೈ ಫೋರ್ ಥಾರ್‌ನ 2.2 ಲೀಟರ್ ಡೀಸೆಲ್ ಎಂಜಿನ್ ಆದರೆ ಶೇ. 40. ಕಡಿಮೆ ರೇಟು ನೋಡಿ ಖುಷಿಯಿಂದ ಬುಕ್ ಮಾಡಿ, ಮೊದಲ ಮಳೆಗೆ ಅಂಗಳದ ಏರಿನಲ್ಲೇ ಚಕ್ರ ತಿರುಗಿಸುತ್ತಾ ನಿಂತವರನ್ನು ನೋಡಿದ್ದೇನೆ. ಐದು ಬಾಗಿಲಿನ ಥಾರ್ ರಾಕ್ಸ್ 2024ರ ಆಗಸ್ಟ್‌ನಲ್ಲಿ ಬಂದಾಗಲೂ ಫೋರ್ ಬೈ ಫೋರ್ ಕೊಟ್ಟದ್ದು ಡೀಸೆಲ್‌ನಲ್ಲಿ ಮಾತ್ರ. ಮಾರುತಿ ಜಿಮ್ನಿ ಪೆಟ್ರೋಲ್ ಮಾತ್ರ. ಅದರ ಎಲ್ಲಾ ಮಾದರಿಯಲ್ಲೂ ಫೋರ್ ಬೈ ಫೋರ್ ಮತ್ತು ಲೋ ರೇಂಜ್ (ಕಡಿದಾದ ಏರಿಗೆ ನಿಧಾನದ, ಹೆಚ್ಚು ಬಲದ ಗೇರ್) ಇದೆ. ಫೋರ್ಸ್ ಗೂರ್ಖಾದಲ್ಲಿ 2.6 ಲೀಟರ್ ಡೀಸೆಲ್. ಮುಂದಿನ ಹಿಂದಿನ ಎರಡೂ ಆಕ್ಸಲ್‌ಗೆ, ಎರಡು ಬದಿಯ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕ್ ಇದೆ. ಕೆಸರಿಗೆ ಅದರಷ್ಟು ಗಟ್ಟಿ ಗಾಡಿ ಕಡಿಮೆ. ಆದರೆ ದಿನಾ ಮಕ್ಕಳನ್ನು ಶಾಲೆಗೆ ಬಿಡಲು ಅಷ್ಟು ದೊಡ್ಡದು ಬೇಕಾ ಅಂತ ಒಮ್ಮೆ ಯೋಚಿಸಿ.

ಬುಕಿಂಗ್ ರಸೀದಿಯಲ್ಲಿ ಮಾದರಿಯ ಪೂರ್ತಿ ಹೆಸರು, ಎಂಜಿನ್, ಗೇರ್‌ಬಾಕ್ಸ್, ‘4x4’ ಎಲ್ಲ ಸ್ಪಷ್ಟವಾಗಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಸಾಮಾನ್ಯವಾಗಿ ಡೆಲಿವರಿ ದಿನದ ಬೆಲೆಯೇ ಲೆಕ್ಕಕ್ಕೆ ಬರುತ್ತದೆ, ಬುಕಿಂಗ್ ದಿನದ್ದಲ್ಲ. ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದನ್ನೂ ಅದೇ ರಸೀದಿಯಲ್ಲಿ ನೋಡಿಕೊಳ್ಳಿ.

ಡೀಸೆಲ್ಲೇ ಬೇಕಾ?

ಮಗನ ಆಸೆ ಅರ್ಥವಾಗುತ್ತದೆ. ಏರಿನಲ್ಲಿ ಡೀಸೆಲ್ ಎಳೆಯುವ ರೀತಿಯೇ ಬೇರೆ. ಆದರೆ ದಿನಕ್ಕೆ ಆರೇಳು ಕಿ.ಮೀ. ಅನ್ನುವ ನಿಮ್ಮ ಲೆಕ್ಕ ನನ್ನನ್ನು ತಡೆಯುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ಗಾಡಿಯೇ ಹೆಚ್ಚು ಡೀಸೆಲ್ ಬಿಟ್ಟು, ಜಾಲರಿಯನ್ನು 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ ಮಸಿ ಸುಡುತ್ತದೆ. ಈ ಕೆಲಸಕ್ಕೆ ಎಂಜಿನ್ ಬಿಸಿಯಾಗಿ, ನಿಲ್ಲದೆ ಓಡುತ್ತಿರಬೇಕು. ಡೇರಿಗೆ ಹೋಗಿ ಬಂದು ಎಂಜಿನ್ ಆರಿಸಿದರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೇ ಆಗುತ್ತಿದ್ದರೆ ಉರಿಯದೆ ಉಳಿದ ಡೀಸೆಲ್ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿರುತ್ತದೆ. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ. ಎಷ್ಟೋ ಜನ ‘ಆಯಿಲ್ ಕಡಿಮೆಯಾಗಿಲ್ಲ, ಜಾಸ್ತಿಯೇ ಇದೆ’ ಅಂತ ಸಮಾಧಾನದಲ್ಲಿರುತ್ತಾರೆ. ಅಷ್ಟರಲ್ಲಿ ಆಯಿಲ್ ತೆಳ್ಳಗಾಗಿ ಬೇರಿಂಗ್ ತಿನ್ನಲು ಶುರು ಮಾಡಿರುತ್ತದೆ.

ಡೀಸೆಲ್ ತೆಗೆದುಕೊಂಡರೆ ವಾರಕ್ಕೊಮ್ಮೆಯಾದರೂ ಅರ್ಧ ಮುಕ್ಕಾಲು ಗಂಟೆ ನಿಲ್ಲಿಸದೆ ಓಡಿಸಲೇಬೇಕು, ಆರ್‌ಪಿಎಂ 2000ದ ಮೇಲೇ ಇಟ್ಟುಕೊಂಡು. ನಿಮ್ಮ ಶಿರಸಿ ಓಡಾಟ ವಾರ ತಪ್ಪದೆ ನಡೆಯುವುದಾದರೆ ಅಷ್ಟು ಸಾಕಾಗುತ್ತದೆ. ಡಿಪಿಎಫ್ ದೀಪ ಹತ್ತಿದರೆ ‘ಆಮೇಲೆ ನೋಡೋಣ’ ಅನ್ನುವಂತಿಲ್ಲ, ಅವತ್ತೇ ಗಾಡಿ ತೆಗೆದು ಓಡಿಸಬೇಕು. ಕೆಲವು ಡೀಸೆಲ್ ಗಾಡಿಗಳಿಗೆ ಹೊಗೆಯ ವಿಷಾನಿಲ ತಗ್ಗಿಸುವ ಡಿಇಎಫ್ ದ್ರವವನ್ನೂ ಬೇರೆ ತುಂಬಿಸುತ್ತಿರಬೇಕು. ನೀವು ನೋಡುವ ಮಾದರಿಗೆ ಅದು ಬೇಕಾ ಅಂತ ಬುಕ್ ಮಾಡುವಾಗಲೇ ಕೇಳಿ. ವಾರದ ಈ ಶಿಸ್ತು ಮನೆಯಲ್ಲಿ ನಡೆಯುವುದಿಲ್ಲ ಅನ್ನಿಸಿದರೆ ಪೆಟ್ರೋಲ್ ಫೋರ್ ಬೈ ಫೋರ್ ಒಳ್ಳೆಯದು. ಇಂಧನದ ಖರ್ಚು ಜಾಸ್ತಿ, ನಿಜ. ದಿನಕ್ಕೆ ಆರೇಳು ಕಿ.ಮೀ.ಗೆ ಆ ವ್ಯತ್ಯಾಸ ತಡೆದುಕೊಳ್ಳುವಷ್ಟೇ ಇರುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಪೆಟ್ರೋಲ್ ಬುಕ್ ಮಾಡುತ್ತಿದ್ದೆ.

ಇನ್ನೊಂದು ಮಾತು. ಮನೆಯಲ್ಲಿ ವಯಸ್ಸಾದವರೂ ಓಡಿಸುವುದಿದ್ದರೆ ಆಟೊಮ್ಯಾಟಿಕ್ ಒಮ್ಮೆ ಓಡಿಸಿ ನೋಡಿ. ಥಾರ್, ಜಿಮ್ನಿ ಎರಡರಲ್ಲೂ ಇರುವುದು ಕ್ಲಚ್ ಪ್ಲೇಟ್ ಬದಲು ಆಯಿಲ್ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್. ಕಡಿದಾದ ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಪ್ಲೇಟ್ ಸುಡುವ ಪ್ರಶ್ನೆಯೇ ಅದರಲ್ಲಿ ಬರುವುದಿಲ್ಲ.

ಎಂಜಿನ್ ಸೆಟ್ ಆಗುವುದು ಅಂದರೆ

ಈಗ ಭಾವನವರ ಮಾತಿಗೆ ಬರೋಣ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಾಲದ ಜೀಪಿಗೆ ಅದು ಸರಿಯಾದ ಮಾತೇ. ಆಗ ಬೋರ್, ಬೇರಿಂಗ್‌ಗಳ ಮಷಿನಿಂಗ್ ಒರಟಾಗಿತ್ತು, ಆಯಿಲ್ ಗುಣಮಟ್ಟವೂ ಈಗಿನಷ್ಟು ಇರಲಿಲ್ಲ. ಬಿಸಿ ಏರಿದರೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು.

ಹೊಸ ಎಂಜಿನ್‌ನ ಬೋರ್ ಕನ್ನಡಿಯಂತೆ ನುಣುಪಾಗಿ ಇರುವುದಿಲ್ಲ. ಬೇಕೆಂದೇ ಅಡ್ಡಡ್ಡ ಓರೆ ಗೀರು ಹಾಕಿರುತ್ತಾರೆ. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ. ಗೀರಿನ ಮೇಲಿನ ಸಣ್ಣ ಮೊನೆಗಳು ಪಿಸ್ಟನ್ ಸುತ್ತಲಿನ ರಿಂಗ್‌ಗೆ ಉಜ್ಜಿ ಸವೆಯುತ್ತವೆ, ರಿಂಗ್ ಕೂಡ ಬೋರಿನ ಆಕಾರಕ್ಕೆ ಒಗ್ಗುತ್ತದೆ. ಹೊಸದಾಗಿ ಉಳಿ ಹೊಡೆಸಿದ ಒರಳಿನಲ್ಲಿ ಮೊದಲು ಅರೆದದ್ದನ್ನು ಚೆಲ್ಲುತ್ತೇವಲ್ಲ, ಕಲ್ಲುಪುಡಿ ಬರುತ್ತದೆ ಅಂತ. ಹಾಗೆಯೇ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಆಯಿಲ್‌ಗೆ ಸಣ್ಣ ಲೋಹದ ಪುಡಿ ಬರುವುದು ಸಹಜ. ಈಗಿನ ಕಾರ್ಖಾನೆಗಳಲ್ಲಿ ಗೀರಿನ ಮೊನೆಗಳನ್ನು ಮೊದಲೇ ಸಾಕಷ್ಟು ಸಮ ಮಾಡಿರುತ್ತಾರೆ. ಶೋರೂಮಿನವರು ಏನೂ ಬೇಡ ಅನ್ನುವುದು ಅದಕ್ಕೇ. ಅದು ಪೂರ್ತಿ ಸರಿಯಲ್ಲ. ಗಾಡಿಯ ಜೊತೆ ಕೊಡುವ ಕೈಪಿಡಿಯಲ್ಲೇ ಮೊದಲ 1000 ಕಿ.ಮೀ. ಆಸುಪಾಸಿನ ತನಕ ಹೇಗೆ ಓಡಿಸಬೇಕು ಅಂತ ಬರೆದಿರುತ್ತದೆ. ತೆಗೆದು ಓದಿ.

ರಿಂಗ್ ಬೋರಿಗೆ ಒತ್ತಿ ಕೂರುವುದು ಅದರ ಸ್ಪ್ರಿಂಗ್ ಬಲದಿಂದ ಮಾತ್ರ ಅಲ್ಲ. ಇಂಧನ ಉರಿದಾಗ ಹುಟ್ಟುವ ಒತ್ತಡ ರಿಂಗ್ ಹಿಂದೆ ಹೋಗಿ ಅದನ್ನು ಹೊರಕ್ಕೆ ದೂಡುತ್ತದೆ. ಲೋಡ್ ಇಲ್ಲದಿದ್ದರೆ ಆ ಒತ್ತಡ ಹುಟ್ಟುವುದಿಲ್ಲ. ವಾರಗಟ್ಟಲೆ ಸುಮ್ನೆ ತೆವಳಿಸಿದರೆ, ನಿಂತಲ್ಲೇ ಗಂಟೆಗಟ್ಟಲೆ ಸ್ಟಾರ್ಟ್‌ನಲ್ಲಿ ಇಟ್ಟರೆ ಬೋರ್ ಮೇಲಿನ ಆಯಿಲ್ ಬೆಂದು ಗಾಜಿನಂಥ ಪದರ ಕಟ್ಟುತ್ತದೆ. ಆಮೇಲೆ ರಿಂಗ್ ಕೂರುವುದೇ ಇಲ್ಲ, ಎಂಜಿನ್ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಅಂದರೆ ಎಂಜಿನ್‌ಗೆ ಲೋಡ್ ಬೇಕು ಅನ್ನುವಷ್ಟರ ಮಟ್ಟಿಗೆ ಮಗನ ಸ್ನೇಹಿತರ ಮಾತು ನಿಜ. ಅವರು ತಪ್ಪುವುದು ತಣ್ಣಗಿರುವ ಎಂಜಿನ್‌ನ ಪೂರ್ತಿ ಆಕ್ಸಿಲರೇಟರ್ ಒತ್ತುವ ವಿಷಯದಲ್ಲಿ. ಆಯಿಲ್ ಇನ್ನೂ ದಪ್ಪಗಿರುತ್ತದೆ, ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ಬ್ಲಾಕ್ ಇನ್ನೂ ತಣ್ಣಗೇ ಇರುತ್ತದೆ. ಬೋರ್ ಗೀಚುವುದು ಆಗ.

ನಲವತ್ತರ ಮಿತಿಯಲ್ಲಿ ಇನ್ನೊಂದು ಅಪಾಯ ಅಡಗಿದೆ. ನಲವತ್ತು ದಾಟಬಾರದು ಅಂತ ಟಾಪ್ ಗೇರಿನಲ್ಲಿ ಏರು ಹತ್ತಿಸುವವರು ಬಹಳ. ಎಂಜಿನ್ ಗುಮ್ಮ್ ಅನ್ನುತ್ತಾ ಅದುರುತ್ತಿರುತ್ತದೆ, ಪಾಪ. ಕ್ರ್ಯಾಂಕ್ ಬೇರಿಂಗ್ ಮೇಲೆ ಆಗ ಬೀಳುವ ಹೊಡೆತ ಜೋರು ಓಡಿಸಿದ್ದಕ್ಕಿಂತ ಕೆಟ್ಟದ್ದು. ಟರ್ಬೊ ಪೆಟ್ರೋಲ್‌ಗಂತೂ ಹೀಗೆ ಮಾಡಲೇಬಾರದು. ಸ್ಪೀಡೋಮೀಟರ್ ಮರೆತು ಆರ್‌ಪಿಎಂ ನೋಡಿ. ನಾನು ಹೇಳುವ ಲೆಕ್ಕ ಇಷ್ಟು: ಮೊದಲ 500 ಕಿ.ಮೀ. ಡೀಸೆಲ್ಲನ್ನು 1500ರಿಂದ 2500ರ ನಡುವೆ, ಪೆಟ್ರೋಲನ್ನು 2000ದಿಂದ 3500ರ ನಡುವೆ ಏರಿಳಿಸುತ್ತಾ ಓಡಿಸಿ. ಅರ್ಧ ಆಕ್ಸಿಲರೇಟರ್ ಒತ್ತಿ ವೇಗ ಏರಿಸಿ, ಕಾಲು ತೆಗೆದು ಗೇರಿನಲ್ಲೇ ನಿಧಾನಿಸಲು ಬಿಡಿ. ಮತ್ತೆ ಏರಿಸಿ. ಮುಂದಿನ 500 ಕಿ.ಮೀ.ಯಲ್ಲಿ ಆಗೀಗ ಇನ್ನೊಂದು 500 ಆರ್‌ಪಿಎಂ ಜಾಸ್ತಿ ಮಾಡಬಹುದು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಬೇಡ. ಟ್ರೇಲರ್ ಎಳೆಸುವುದು ಬೇಡ. ಗೊಬ್ಬರದ ಒಂದೆರಡು ಚೀಲ ತಂದರೆ ಏನೂ ಆಗುವುದಿಲ್ಲ.

ಬೆಳಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡುವ ಪದ್ಧತಿಯೂ ಬೇಡ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಬಿಟ್ಟು ನಿಧಾನಕ್ಕೆ ಹೊರಡಿ. ನಿಮ್ಮ ಮನೆಯಿಂದ ಹೊರಟರೆ ಮೊದಲು ಸಿಗುವುದು ಇಳಿಜಾರು. ಎಂಜಿನ್ ಭಾರವಿಲ್ಲದೆ ಬಿಸಿಯಾಗಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಟ್ರೀಟ್‌ಮೆಂಟ್ ಪ್ಯಾಕೇಜ್ ಬೇಡ. ಆಯಿಲ್‌ಗೆ ಬೇಕಾದ್ದನ್ನು ಆಯಿಲ್ ಕಂಪನಿಯೇ ಹಾಕಿರುತ್ತದೆ. ರಿಂಗ್ ಉಜ್ಜಿಕೊಂಡು ಕೂರಬೇಕಾದ ಹೊತ್ತಿನಲ್ಲೇ ಜಾರಿಸುವ ದ್ರವ ಸುರಿದರೆ ಆಗಬೇಕಾದ ಕೆಲಸಕ್ಕೇ ಅಡ್ಡಿ. ಆ ದುಡ್ಡನ್ನು ವಿಮೆಯಲ್ಲಿ ‘ಎಂಜಿನ್ ಪ್ರೊಟೆಕ್ಟ್’ ಸೇರಿಸಲು ಬಳಸಿ. ಹಳ್ಳದಲ್ಲಿ ಎಂಜಿನ್‌ಗೆ ನೀರು ಹೋದರೆ ಮಾಮೂಲಿ ಪಾಲಿಸಿಯಲ್ಲಿ ಕ್ಲೇಮ್ ಸಿಗುವುದು ಕಷ್ಟ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವೂ ಇಲ್ಲ.

ದೇವಿಮನೆ ಮತ್ತು ಇಡಗುಂಜಿ

ಧಾರಾಳವಾಗಿ ಹೋಗಿ ಬನ್ನಿ. ಘಟ್ಟದ ತಿರುವುಗಳಲ್ಲಿ ಗೇರ್ ಬದಲಾಗುತ್ತಿರುತ್ತದೆ, ಲೋಡ್ ಏರಿಳಿಯುತ್ತಿರುತ್ತದೆ. ಎಂಜಿನ್ ಸೆಟ್ ಆಗಲು ಬೇಕಾದ್ದು ಅದೇ. ಕುಮಟಾ ಇಳಿದ ಮೇಲೆ ಹೊನ್ನಾವರದ ತನಕ ಸಿಗುವ ನೆಟ್ಟಗಿನ 66ನೇ ಹೆದ್ದಾರಿಯಲ್ಲೇ ಜಾಗ್ರತೆ ಜಾಸ್ತಿ ಬೇಕು. ಅಲ್ಲಿ ಕಾಲು ಒಂದೇ ಕಡೆ ಕೂತುಬಿಡುತ್ತದೆ. ಕ್ರೂಸ್ ಕಂಟ್ರೋಲ್ ಹಾಕಬೇಡಿ.

ಇಳಿಯುವಾಗ ಗಮನ ಇರಬೇಕಾದದ್ದು ಬ್ರೇಕ್ ಮೇಲೆ. ಹೊಸ ಪ್ಯಾಡ್ ಡಿಸ್ಕಿಗೆ ಪೂರ್ತಿ ಕೂತಿರುವುದಿಲ್ಲ. ಘಟ್ಟದ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಪ್ಯಾಡ್ ಬೆಂದು ಹಿಡಿತವೇ ಹೋಗುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಸಿ, ಬೇಕಾದಲ್ಲಿ ಒತ್ತಿ ಬಿಡಿ. ಹೊಸ ಟೈರಿನ ಮೇಲ್ಮೈ ಕೂಡ ಮೊದಲ ಒಂದೆರಡು ನೂರು ಕಿ.ಮೀ. ಜಾರುತ್ತದೆ. ಒಟ್ಟಿನಲ್ಲಿ ಘಟ್ಟಕ್ಕೆ ಹೋಗುವ ಮೊದಲು ಶಿರಸಿ ಸುತ್ತಮುತ್ತ ಮುನ್ನೂರು ಕಿ.ಮೀ. ಓಡಿಸಿಕೊಂಡರೆ ಒಳ್ಳೆಯದು. ಹುಬ್ಬಳ್ಳಿಯಲ್ಲಿ ಡೆಲಿವರಿ ಆದರೆ ಮುಂಡಗೋಡ ಮೇಲೆ ಮನೆಗೆ ತರುವಷ್ಟರಲ್ಲೇ ನೂರಕ್ಕೂ ಹೆಚ್ಚು ಆಗಿಹೋಗಿರುತ್ತದೆ. ವಾಪಸ್ ಬರುವಾಗ ಘಟ್ಟ ಹತ್ತಿದ ಕೂಡಲೇ ಚಹಾಕ್ಕೆ ನಿಲ್ಲಿಸಿದರೆ ಒಂದು ನಿಮಿಷ ಎಂಜಿನ್ ಹಾಗೇ ಬಿಟ್ಟು ಆಮೇಲೆ ಆರಿಸಿ. ಕಾದ ಟರ್ಬೊದ ಒಳಗೆ ಆಯಿಲ್ ನಿಂತರೆ ಅಲ್ಲೇ ಕರಕಲಾಗುತ್ತದೆ.

ಹಾಗೇ ಬೀಚಿಗೆ ಇಳಿಸುವ ಆಸೆ ಹುಡುಗರಿಗೆ ಬರುತ್ತದೆ. ತಡೆಯಿರಿ. ಮರಳು ಎಂಜಿನ್‌ನ ಉಸಿರು ಹಿಡಿಸುತ್ತದೆ, ಉಪ್ಪುನೀರು ಚಾಸಿಸ್ ತಿನ್ನುತ್ತದೆ.

ನಿಮ್ಮ ಮನೆ ದಾರಿ

ನಿಜವಾದ ಪರೀಕ್ಷೆ ಇರುವುದು ಆ ಎರಡೂವರೆ ಕಿ.ಮೀ.ಯಲ್ಲಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಫೋರ್ ಹೈ (ಮಾಮೂಲಿ ಗೇರಿನಲ್ಲೇ ನಾಲ್ಕೂ ಚಕ್ರಕ್ಕೆ ಬಲ) ಹಾಕಿ ಒಣ ಡಾಂಬರಿನಲ್ಲಿ ತಿರುಗಿಸಿದರೆ ಶಾಫ್ಟ್‌ಗಳು ಒಂದಕ್ಕೊಂದು ತಿರುಚಿಕೊಳ್ಳುತ್ತವೆ. ಸ್ಟೇರಿಂಗ್ ಬಿಗಿಯಾಗಿ ಗಾಡಿ ಜಗ್ಗುತ್ತದೆ. ಕೆಮ್ಮಣ್ಣಿಗೆ ಬಂದ ಮೇಲೆ ಹಾಕಿ, ಡಾಂಬರು ಸಿಗುವ ಮೊದಲು ತೆಗೆಯಿರಿ.

ಹಳ್ಳ ದಾಟಿದ ಮೇಲಿನ ಏರಿಗೆ ಲೋ ರೇಂಜ್ ಬಳಸಲು ಹೆದರಬೇಡಿ. ‘ಹೊಸ ಗಾಡಿಗೆ ಲೋ ಹಾಕಬಾರದು’ ಅನ್ನುವುದು ತಪ್ಪು ತಿಳಿವಳಿಕೆ. ಲೋ ರೇಂಜ್‌ನಲ್ಲಿ ಗೇರಿನ ಬಲ ಹೆಚ್ಚಾಗಿ ಎಂಜಿನ್ ಮೇಲಿನ ಭಾರ ಇಳಿಯುತ್ತದೆ, ಕ್ಲಚ್ ಪೂರ್ತಿ ಬಿಟ್ಟೇ ನಿಧಾನಕ್ಕೆ ಹತ್ತಬಹುದು. ಹೈ ರೇಂಜ್‌ನ ಮೊದಲ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು ದಿನಾ ಹತ್ತಿದರೆ ಹೊಸ ಪ್ಲೇಟ್ ಒಂದು ಮಳೆಗಾಲವೂ ಬಾಳುವುದಿಲ್ಲ. ಸುಟ್ಟ ವಾಸನೆ ಬಂತೆಂದರೆ ಅಲ್ಲೇ ನಿಲ್ಲಿಸಿ, ಆರಲು ಬಿಡಿ. ಕೆಸರಿನಲ್ಲಿ ಸಿಕ್ಕಿ ಚಕ್ರ ಗರಗರ ತಿರುಗಿಸುವ ಆಟ ಮಾತ್ರ 1000 ಕಿ.ಮೀ. ತನಕ ಬೇಡ. ಡಿಫರೆನ್ಷಿಯಲ್ ಒಳಗಿನ ಕ್ರೌನ್, ಪಿನಿಯನ್ ಹಲ್ಲುಗಳೂ ಎಂಜಿನ್‌ನಂತೆಯೇ ಹೊಸದು. ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವ ತನಕ ಜಾಸ್ತಿ ಬಿಸಿಯಾಗುತ್ತವೆ.

ಹಳ್ಳದ ವಿಷಯ. ಥಾರ್‌ಗೆ ಕಂಪನಿ 650 ಮಿ.ಮೀ. ನೀರಿನ ತನಕ ಹೋಗಬಹುದು ಅನ್ನುತ್ತದೆ. ಹರಿಯುವ ಕೆಂಪು ನೀರಿಗೆ ಆ ಲೆಕ್ಕ ಹಾಕಬೇಡಿ. ತಳ ಕಾಣುವುದಿಲ್ಲ, ನಿನ್ನೆ ಇಲ್ಲದ ಗುಂಡಿ ಇವತ್ತು ಇರುತ್ತದೆ, ಸೆಳೆತ ಗಾಡಿಯನ್ನು ಬದಿಗೆ ಒಯ್ಯುತ್ತದೆ. ಕೋಲು ಹಾಕಿ ನೋಡಿ. ಮೊಣಕಾಲು ದಾಟಿದರೆ ಅವತ್ತು ಹಳೇ ಪದ್ಧತಿಯಂತೆ ಆಚೆ ಬದಿಯಲ್ಲೇ ಗಾಡಿ ಬಿಟ್ಟು ಕಾಲುಸಂಕದ ಮೇಲೆ ಬನ್ನಿ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುವುದು ಆ ಒಂದು ಸೆಲ್ಫ್‌ಗೇ.

ಡೆಲಿವರಿ ಯಾವಾಗ

ಮೇ ಮೊದಲ ವಾರದೊಳಗೆ ಸಿಕ್ಕರೆ ಒಳ್ಳೆಯದು. ಟೈರ್, ಬ್ರೇಕ್, ನಿಮ್ಮ ಕೈಕಾಲು ಎಲ್ಲ ಒಣ ದಾರಿಯಲ್ಲಿ ಪಳಗುತ್ತವೆ. ಸಿಗದಿದ್ದರೆ ಬೇಸರ ಬೇಡ, ಗಾಡಿಗೆ ಮಳೆಯಿಂದ ಹಾನಿ ಇಲ್ಲ. ಅಕ್ಷಯ ತದಿಗೆ, ದಸರಾದಂಥ ದಿನ ಶೋರೂಮಿನಲ್ಲಿ ಜಾತ್ರೆ ಇರುತ್ತದೆ, ಯಾರಿಗೂ ಪುರುಸೊತ್ತಿಲ್ಲ. ಮುಹೂರ್ತ ನೋಡುವವರು ಎರಡು ದಿನ ಮೊದಲೇ, ನೋಂದಣಿಗೆ ಮುಂಚೆ, ಹಗಲು ಬೆಳಕಿನಲ್ಲಿ ಗಾಡಿ ನೋಡಿ ಬನ್ನಿ. ಟೈರಿನ ಬದಿಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. ಬಗ್ಗಿ ಎರಡೂ ಆಕ್ಸಲ್ ಹೌಸಿಂಗ್ ಕೆಳಗೆ ಟಾರ್ಚ್ ಹಾಕಿ, ಆಯಿಲ್ ಬೆವರಿದೆಯಾ ನೋಡಿ. ಫೋರ್ ಹೈ, ಫೋರ್ ಲೋ ಎರಡೂ ಹಾಕಿಸಿ, ಮೀಟರಿನಲ್ಲಿ ದೀಪ ಬರುತ್ತದಾ ಗಮನಿಸಿ. ಇಷ್ಟನ್ನು ಹೆಚ್ಚಿನವರು ನೋಡುವುದೇ ಇಲ್ಲ, ಸೀಟು ಕವರ್ ನೋಡಿ ಬರುತ್ತಾರೆ.

ಆಯಿಲ್

ಮೊದಲ ಸರ್ವಿಸ್‌ನಲ್ಲಿ ಎಷ್ಟೋ ಕಡೆ ಬರೀ ತಪಾಸಣೆ ಮಾಡಿ ಕಳಿಸುತ್ತಾರೆ. ಅವಧಿಗೆ ಮೊದಲೇ ಎಂಜಿನ್ ಆಯಿಲ್ ಬದಲಿಸುವುದು ಕಡ್ಡಾಯವಲ್ಲ. ಮನಸ್ಸಿನ ಸಮಾಧಾನಕ್ಕೆ ಬದಲಿಸುವುದಾದರೆ ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಡಿಪಿಎಫ್ ಇರುವ ಡೀಸೆಲ್‌ಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಹೊರಗಿನ ಅಂಗಡಿಯ ಬೇರೆ ಆಯಿಲ್ ಜಾಲರಿಯನ್ನು ಕಟ್ಟಿಸುತ್ತದೆ. ಮೊದಲ 1000 ಕಿ.ಮೀ. ಎಂಜಿನ್ ಸ್ವಲ್ಪ ಆಯಿಲ್ ತಿನ್ನಬಹುದು. ವಾರಕ್ಕೊಮ್ಮೆ ಬೆಳಗ್ಗೆ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ.

ನಿಮ್ಮಂಥ ದಾರಿಯವರಿಗೆ ಡಿಫರೆನ್ಷಿಯಲ್ ಆಯಿಲ್ ಬಗ್ಗೆ ನಾನು ಒತ್ತಿ ಹೇಳುತ್ತೇನೆ. ಓಡಿ ಬಂದ ಆಕ್ಸಲ್ ಬಿಸಿ ಇರುತ್ತದೆ. ಹಾಗೇ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಆಕ್ಸಲ್‌ಗೆ ಗಾಳಿ ಹೋಗಿ ಬರುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಹಳ್ಳದ ಮುಂದೆ ಐದು ನಿಮಿಷ ನಿಂತು ಇಳಿಸಿದರೆ ಅಷ್ಟರ ಮಟ್ಟಿಗೆ ಉಪಕಾರ. ಮಳೆ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಎರಡೂ ಡಿಫರೆನ್ಷಿಯಲ್‌ನ ಡ್ರೇನ್ ಪ್ಲಗ್ ನಿಮ್ಮ ಎದುರೇ ಬಿಚ್ಚಿಸಿ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಲೇಪ ಅಂಟಿದ್ದರೆ ಅದು ಹೊಸ ಹಲ್ಲುಗಳ ಸಹಜ ಸವೆತ. ಕೈಗೆ ಚುಚ್ಚುವ ಚೂರು ಸಿಕ್ಕರೆ ವಾರಂಟಿಯಲ್ಲಿ ದೂರು ಬರೆಸಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತಲೇ. ಅವತ್ತೇ ಹೊಸ ಆಯಿಲ್ ತುಂಬಿಸಿ, ಬ್ರೀದರ್ ಪೈಪ್ ಊದಿಸಿ, ಎಂಜಿನ್ ಬಲವನ್ನು ಎರಡೂ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಆಯಿಲ್ಲನ್ನೂ ಜೊತೆಗೇ ನೋಡಿಸಿ.